ಚುಚ್ಚದ ಪಿನ್ನು

"ಅಕ್ಕಾ, ನನ್ನ ಪಾಸ್‌ಪೋರ್ಟೇ ಇಲ್ಲ!"

ತಂಗಿ ಕೂಗಿದ ರಭಸಕ್ಕೆ ಆ ಸಾಲಿನ ಕುರ್ಚಿಗಳಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದವರೆಲ್ಲ ಬೆಚ್ಚಿ ಕಣ್ಣು ಬಿಟ್ಟರು.

ದಫೇದಾರಮ್ಮ ಆಗಷ್ಟೇ ಬಂದು ಕೂತಿದ್ದಳು. ಕಾಲು ಜೋಮು ಹಿಡಿಯಿತೆಂದು ಆ ಉದ್ದನೆಯ ಹಾಲಿನ ಕೊನೆಯವರೆಗೆ ಒಂದು ಸುತ್ತು ಹೊಡೆದು ಬಂದಿದ್ದಳು. ಪೊಲೀಸ್ ಇಲಾಖೆಗೆ ಪೇದೆಯಾಗಿ ಸೇರಿ ದಫೇದಾರಳಾಗಿ ನಿವೃತ್ತಳಾದ ಹೆಂಗಸು. ಸಿಕ್ಕಿಬಿದ್ದ ಹೆಂಗಸರ ಜಡೆ, ಸೊಂಟ, ಕೈಚೀಲ ತಡಕುವುದರಲ್ಲೇ ನೌಕರಿ ಸವೆಸಿದವಳು. ನೆಂಟರೆಲ್ಲ ದಫೇದಾರಮ್ಮ ಎಂದು ಕರೆದೂ ಕರೆದೂ, ಅವಳ ಸ್ವಂತ ಹೆಸರು ಈಗ ಬ್ಯಾಂಕಿನವರಿಗೆ ಮಾತ್ರ ಗೊತ್ತು.

"ಕೂಗಬೇಡ. ಉಸಿರು ತೊಗೋ. ಕೊನೇ ಸಲ ಯಾವಾಗ ನೋಡಿದೆ?"

"ಕಣ್ಣು ಮುಚ್ಚೋ ಮುಂಚೆ. ಸೊಂಟದ ಚೀಲದಲ್ಲೇ ಇತ್ತು. ಈಗ ಕೈ ಹಾಕಿದ್ರೆ ಬರೀ ದುಡ್ಡಿದೆ, ನನ್ನ ಉಂಗುರ ಇದೆ. ಅದೊಂದೇ ಇಲ್ಲ."

ತಂಗಿ ಚೀಲವನ್ನು ಮತ್ತೆ ತಡಕಿದಳು. ಅವಳ ಮಗಳಿಗೆ ನಾಳೆ ಬೆಳಿಗ್ಗೆ ಆಪರೇಷನ್. ತಲೆಯೊಳಗೆ ಗಡ್ಡೆ. ಇನ್ನೂ ಒಂದು ಸಮುದ್ರದಾಚೆ ಆಸ್ಪತ್ರೆ. "ಅಮ್ಮ, ನನ್ನನ್ನ ಒಳಗೆ ಕರ್ಕೊಂಡು ಹೋಗೋ ಮುಂಚೆ ನೀನು ಬಂದುಬಿಡು, ನಿನ್ನ ಮುಖ ನೋಡ್ಕೊಂಡು ಹೋಗ್ತೀನಿ" ಎಂದು ಫೋನಿನಲ್ಲಿ ಅತ್ತಿದ್ದಳು. ಸಂಜೆಯ ವಿಮಾನ ಹತ್ತಿದರೆ ಬೆಳಕು ಹರಿಯುವಷ್ಟರಲ್ಲಿ ಆಸ್ಪತ್ರೆ. ಪಾಸ್‌ಪೋರ್ಟ್ ಇಲ್ಲದಿದ್ದರೆ? ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಯಾರದೋ ದೇಶದ ವಿಮಾನ ನಿಲ್ದಾಣದ ಗಾಜಿನ ಗೋಡೆಗಳ ನಡುವೆ, ಮೀನಿನ ತೊಟ್ಟಿಯಲ್ಲಿ ಇದ್ದ ಹಾಗೆ ಇರಬೇಕು.

ಅಷ್ಟರಲ್ಲಿ ತಂಗಿಯ ಮಗ ಕಾಫಿ ಲೋಟಗಳನ್ನು ಹಿಡಿದು ಬಂದ. ವಿಷಯ ಕೇಳಿ ಒಂದು ಲೋಟ ಕೈಯಿಂದ ಜಾರಿತು.

"ಯಾರೋ ಹೊಡೆದಿದಾರೆ ಅಮ್ಮ! ಎದುರಿಗೆ ಟೋಪಿ ಹಾಕ್ಕೊಂಡು ಒಬ್ರು ಕೂತಿದ್ರಲ್ಲ, ನಮ್ಮ ಭಾಷೆಯವರೇ ಅಂತ ನಂಬಿ, ಅಮ್ಮನ್ನ ನೋಡ್ಕೊಳ್ಳಿ ಅಂತ ಹೇಳಿ ಹೋದೆ. ಈಗ ಎಲ್ಲಿ ಅವ್ರು?"

ಎದುರಿನ ಕುರ್ಚಿ ಖಾಲಿ.

* * *

ಈ ಪ್ರಯಾಣವಿಡೀ ಮಗನದೇ ಯೋಜನೆ. ಮನೆಯಲ್ಲಿ ಅವನಿಗೆ 'ಪ್ಲಾನಪ್ಪ' ಎಂದೇ ಹೆಸರು. ಮದುವೆಗೆ ಹೋಗಲಿ, ದಂತವೈದ್ಯರ ಹತ್ತಿರ ಹೋಗಲಿ, ಮೊದಲು ಅವನ ಪ್ಲಾನ್ ಕೇಳಬೇಕು. ಈ ಸಲವಂತೂ ವಾರಗಟ್ಟಲೆ ಕಂಪ್ಯೂಟರ್ ಮುಂದೆ ತಪಸ್ಸು. ಎರಡು ಬೇರೆ ಬೇರೆ ಕಂಪನಿಗಳ ಅಗ್ಗದ ಟಿಕೆಟ್ ಜೋಡಿಸಿದ್ದ. ನಡುವೆ ಇಡೀ ಒಂದು ಹಗಲು ಬಿಡುವು. "ದಡ್ಡರು ಮಾತ್ರ ಅಷ್ಟು ಹೊತ್ತು ಕುರ್ಚಿ ಬೆಚ್ಚಗೆ ಮಾಡ್ತಾರೆ ದೊಡ್ಡಮ್ಮ. ನಾವು ಊರು ನೋಡ್ಕೊಂಡು ಬರೋಣ" ಎಂದಿದ್ದ. ಸಾಮಾನಿಗಾಗಿ ಕಾಯುವುದು ಬೇಡವೆಂದು ಎಲ್ಲರಿಗೂ ಕೈಚೀಲ ಮಾತ್ರ. ಖಾಲಿ ನೀರಿನ ಬಾಟಲಿ, ಒಂದು ಜೊತೆ ಬಟ್ಟೆ, ಆ ದೇಶದ ಪ್ಲಗ್ಗಿಗೆ ಸರಿಹೊಂದುವ ಅಡಾಪ್ಟರು, ಕುತ್ತಿಗೆಗೆ ಸುತ್ತಿಕೊಳ್ಳುವ ಒಂದೊಂದು ದಿಂಬು. ಯಾರಾದರೂ ತಪ್ಪಿಸಿಕೊಂಡರೆ ಹೇಳಲೆಂದು ಮುಂದಿನ ವಿಮಾನದ ನಂಬರನ್ನು ದಫೇದಾರಮ್ಮನಿಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದ.

ಅದೇ ಮನುಷ್ಯ ಈಗ ತಲೆ ಮೇಲೆ ಕೈಹೊತ್ತು ಕೂತಿದ್ದ.

"ಈ ದಿಂಬು ಬೇರೆ ಕುತ್ತಿಗೆಗೆ ಒತ್ತುತ್ತೆ," ತಂಗಿ ಗೊಣಗಿದಳು.

"ತೆಗೀಬೇಡಮ್ಮ. ಆಮೇಲೆ ಕುತ್ತಿಗೆ ಹಿಡ್ಕೊಳ್ಳುತ್ತೆ," ಎಂದ ಮಗ.

ದಫೇದಾರಮ್ಮ ತಂಗಿಯ ಸೊಂಟದ ಚೀಲ ನೋಡಿದಳು. ಸೆರಗಿನ ಒಳಗೆ, ಸೀರೆಗೆ ಸೇರಿಸಿ ಪಿನ್ನು ಹಾಕಿತ್ತು. ಪಿನ್ನಿನ ಕೆಳಗೆ ಟಿಶ್ಯೂ ಕಾಗದವನ್ನು ಮಡಚಿ ಮೆತ್ತಗೆ ಇಟ್ಟಿತ್ತು.

"ಈ ಕಾಗದ ನೀನಿಟ್ಟಿದ್ದಾ?"

"ಯಾವ ಕಾಗದ? ನಂಗೇನು ಗೊತ್ತು? ಅಕ್ಕ, ಪಾಸ್‌ಪೋರ್ಟ್ ಹುಡುಕು ಅಂದ್ರೆ ಕಾಗದ ಅಂತೀಯಲ್ಲ!"

* * *

ನಿಲ್ದಾಣದ ಕಾವಲು ಅಧಿಕಾರಿ ಬಂದ. ದೈತ್ಯಾಕಾರ, ನಯವಾದ ಮಾತು. ಅವನ ಮಾತನ್ನು, ಅಂಗಡಿ ಕಡೆಯಿಂದ ಓಡಿಬಂದ ತಂಗಿಯ ಸೊಸೆ, ಪ್ಲಾನಪ್ಪನ ಹೆಂಡತಿ, ಕನ್ನಡಕ್ಕಿಳಿಸಿದಳು.

"ಕಸದ ಬುಟ್ಟಿಗಳನ್ನೆಲ್ಲ ನೋಡಿಸ್ತಾರಂತೆ. ಸಿಗದಿದ್ರೆ ನಮ್ಮ ರಾಯಭಾರ ಕಚೇರಿಯವರು ಬರಬೇಕಂತೆ. ಇವತ್ತು ರಜೆಯಂತೆ."

"ನಾನೂ ಪೊಲೀಸೇ ಅಂತ ಹೇಳಮ್ಮ."

ಸೊಸೆ ಹೇಳಿದಳು. ಅಧಿಕಾರಿ ನಕ್ಕು, ಕೈಯಿಂದ ಕುರ್ಚಿ ತೋರಿಸಿದ.

"ಏನಂದ?"

"ಕೂತ್ಕೋಬೇಕಂತೆ ದೊಡ್ಡಮ್ಮ."

ಅವಳಿಗೆ ಮೈ ಉರಿಯಿತು. ಊರಲ್ಲಾಗಿದ್ದರೆ ಬಾಗಿಲು ಹಾಕಿಸಿ, ಒಬ್ಬೊಬ್ಬರನ್ನೇ ಕೂರಿಸಿ ಕೇಳುತ್ತಿದ್ದಳು. ಇಲ್ಲಿ ಕೇಳಲು ಅಧಿಕಾರವಿಲ್ಲ, ಭಾಷೆಯಿಲ್ಲ. ಕಣ್ಣೊಂದು ಇತ್ತು.

ಸೊಸೆಯ ಮೇಲೂ ಆ ಕಣ್ಣು ಬಿತ್ತು. ಬೆಳಿಗ್ಗೆಯಿಂದ ಅವಳ ಮುಖ ದುಮುದುಮು ಅನ್ನುತ್ತಿತ್ತು. ಊರು ನೋಡುವುದು ರದ್ದಾಗಿತ್ತಲ್ಲ.

"ನೀನೆಲ್ಲಿದ್ದೆ ಅವಳು ಮಲಗಿದ್ದಾಗ?"

"ಸೆಂಟಿನ ಅಂಗಡಿ ಮುಂದೆ. ನನ್ನ ಕೈ ಮೂಸಿ ನೋಡಿ, ಏಳು ಥರ ವಾಸನೆ ಇದೆ." ಸೊಸೆಗೆ ಅಳು ಒತ್ತಿ ಬಂತು. "ನನ್ ಮೇಲೇ ಅನುಮಾನನಾ? ಅತ್ತೆ ಇಲ್ಲೇ ಉಳಿದ್ರೆ ನಾನೇನು ಹಾರಿ ಹೋಗ್ತೀನಾ? ಹೊರಗೆ ಹೋಗೋಣ ಅಂತ ಆಸೆ ಹುಟ್ಟಿಸಿದ್ದೂ ಅವರೇ, ವಿಚಾರಣೆ ಕೌಂಟರಿಗೆ ಹೋಗಿ ಬಂದು, ಬೇಡ, ಅಮ್ಮಂಗೆ ಸುಸ್ತು ಅಂದಿದ್ದೂ ಅವರೇ. ಆಗ ಅತ್ತೆ ಸುಸ್ತು ಅಂದೇ ಇರಲಿಲ್ಲ!"

"ಹೂಂ," ಎಂದಳು ದಫೇದಾರಮ್ಮ. ಆ 'ಹೂಂ' ಕೇಳಿ ಹಿಂದೆ ಎಷ್ಟೋ ಜನ ತಪ್ಪೊಪ್ಪಿಕೊಂಡಿದ್ದರು. ಸೊಸೆ ಮೂಗು ಒರೆಸಿಕೊಂಡಳಷ್ಟೇ.

* * *

ಟೋಪಿಯವನು ಗಂಡಸರ ಶೌಚಾಲಯದಿಂದ ಗಡ್ಡ ಹೆರೆದುಕೊಂಡು ಹೊರಬಂದ. ಒಂದು ಕಿವಿಯ ಮೇಲೆ ಇನ್ನೂ ಸೋಪಿನ ನೊರೆ. ಸುದ್ದಿ ಕೇಳಿದ್ದೇ ತಾನಾಗಿಯೇ ಚೀಲ ತೆಗೆದು ನೆಲಕ್ಕೆ ಸುರಿದ. ಚಡ್ಡಿ, ಮಾತ್ರೆ, ಬಾಚಣಿಗೆ, ಎಲ್ಲ ಹೊರಗೆ.

"ನೋಡಿ ಅಮ್ಮಾವ್ರೆ, ನನ್ನ ಮಾನ ಮರ್ಯಾದೆ ಎಲ್ಲ ಇಷ್ಟೇ. ಹುಡುಕ್ಕೊಳ್ಳಿ."

"ಅವಳ ಹತ್ರ ಯಾರಾದ್ರೂ ಬಂದ್ರಾ?"

"ಒಂದು ನರಪಿಳ್ಳೆಯೂ ಬಂದಿಲ್ಲ. ನಿಮ್ಮ ಹುಡುಗ ಹೋಗೋ ಮುಂಚೆ ಅಮ್ಮಂಗೆ ಶಾಲು ಸರಿಯಾಗಿ ಹೊದಿಸಿ, ದಿಂಬು ಸರಿಮಾಡಿ, ಎಷ್ಟು ಹೊತ್ತು ಉಪಚಾರ ಮಾಡಿದ ಅಂತೀರಿ! ಈ ಕಾಲದಲ್ಲಿ ಅಂಥ ಮಗ ಎಲ್ಲಿ ಸಿಗ್ತಾನೆ? ಪಾಪ, ಏನೋ ಕಷ್ಟ ಇದೆ ಅವನಿಗೆ. ಬೆಳಿಗ್ಗೆ ಆ ಕೌಂಟರ್ ಪಕ್ಕ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದ."

ದಫೇದಾರಮ್ಮ ಅವನ ಬಾಚಣಿಗೆ ಎತ್ತಿ ಚೀಲಕ್ಕೆ ಹಾಕಿದಳು. ಬೇಡದ ಉತ್ತರವೊಂದು ಬಾಗಿಲು ಬಡಿಯುತ್ತಿತ್ತು. ತೆಗೆಯಲು ಮನಸ್ಸಿಲ್ಲ.

ಅವಳು ತಲೆಯೆತ್ತಿ ದೊಡ್ಡ ಬೋರ್ಡು ನೋಡಿದಳು. ಹೊರಡುವ ವಿಮಾನಗಳ ಪಟ್ಟಿ ಸರಸರ ಬದಲಾಗುತ್ತಿತ್ತು. ಊರ ಹೆಸರು ಓದಲು ಬರದಿದ್ದರೂ ಅಂಕಿಗೆ ಭಾಷೆ ಬೇಕಿಲ್ಲ. ಬಾಯಿಪಾಠ ಮಾಡಿದ ನಂಬರನ್ನು ಮೇಲಿಂದ ಕೆಳಕ್ಕೆ ಹುಡುಕಿದಳು. ಸಿಗಲಿಲ್ಲ. ತಿರುಗಾ ಹುಡುಕಿದಳು. ತಮ್ಮದಕ್ಕಿಂತ ತಡವಾಗಿ ಹೊರಡುವ ವಿಮಾನಗಳೂ ಆಗಲೇ ಬಂದು ಕೂತಿದ್ದವು. ತಮ್ಮದೊಂದೇ ಇಲ್ಲ.

ಆಗ ಹೊಳೆಯಿತು. ಇಳಿದ ಹೊಸತರಲ್ಲಿ ನಿಮಿಷಕ್ಕೊಮ್ಮೆ ಆ ಬೋರ್ಡಿನ ಮುಂದೆ ಹೋಗಿ ನಿಲ್ಲುತ್ತಿದ್ದವನು ಪ್ಲಾನಪ್ಪ. ಕೌಂಟರಿನಿಂದ ಬಂದ ಮೇಲೆ ಅವನು ಅದರ ಕಡೆ ತಿರುಗಿಯೂ ನೋಡಿರಲಿಲ್ಲ.

* * *

"ಆ ದಿಂಬು ಕೊಡು," ಎಂದಳು ತಂಗಿಗೆ.

ಮಗ ಎದ್ದು ನಿಂತ. "ದೊಡ್ಡಮ್ಮ, ಅದ್ಯಾಕೆ ಈಗ..."

"ಕೂತ್ಕೋ."

ಕೂತ.

ದಿಂಬಿನ ಹೊದಿಕೆಯ ಜಿಪ್ಪು ಎಳೆದು ಕೈ ಹಾಕಿದಳು. ಹತ್ತಿಯ ಮಧ್ಯೆ ಗಟ್ಟಿಯಾಗಿ ಸಿಕ್ಕಿತು. ಹೊರಗೆ ತೆಗೆದಳು. ನೀಲಿ ರಟ್ಟಿನ ಪಾಸ್‌ಪೋರ್ಟ್. ಒಳಗೆ ಅಪರಾಧಿಯ ಹಾಗೆ ಗುರಾಯಿಸುವ ತಂಗಿಯ ಫೋಟೋ.

ತಂಗಿ ಸಂತೋಷಕ್ಕೆ ಚಪ್ಪಾಳೆ ತಟ್ಟಿದಳು. "ಅಯ್ಯೋ, ನನ್ನ ಕುತ್ತಿಗೆಯಲ್ಲೇ ಇತ್ತಾ! ಅಲ್ಲಿಗೆ ಹೇಗೆ ಹೋಯ್ತು?"

ಎಲ್ಲರ ಕಣ್ಣೂ ಮಗನ ಕಡೆ ತಿರುಗಿದ್ದನ್ನು ತಂಗಿ ಕಂಡಳು. ಅವಳ ಕೈಗಳು ನಿಧಾನವಾಗಿ ಮಡಿಲಿಗೆ ಇಳಿದವು.

"ಕಳ್ಳ ದುಡ್ಡು ಬಿಟ್ಟು, ಉಂಗುರ ಬಿಟ್ಟು ಪಾಸ್‌ಪೋರ್ಟ್ ಮಾತ್ರ ತೊಗೊಂಡ," ದಫೇದಾರಮ್ಮ ಹೇಳಿದಳು. ದನಿಯಲ್ಲಿ ಗತ್ತು ಇರಲಿಲ್ಲ. "ಸರಿ, ಅಂಥ ಕಳ್ಳರೂ ಇರ್ತಾರೆ. ಆದ್ರೆ ಮಲಗಿರೋಳ ಸೊಂಟದ ಪಿನ್ನು ತೆಗೆದು, ವಾಪಸ್ ಹಾಕಿ, ಅದು ಚುಚ್ಚಬಾರದು ಅಂತ ಕೆಳಗೆ ಕಾಗದ ಮಡಚಿ ಇಡೋ ಕಳ್ಳನ್ನ ನಾನು ಸರ್ವೀಸಲ್ಲಿ ನೋಡಿಲ್ಲ. ಬೆಳಿಗ್ಗೆ ಅದೇ ಪಿನ್ನು ಚುಚ್ಚಿದಾಗ, 'ಶುಗರ್ ಇರೋಳು, ಗಾಯ ಆದ್ರೆ ಮಾಯಲ್ಲ' ಅಂತ ಬೈದೋನು ಒಬ್ಬನೇ."

ಮಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಯಾಕೋ?" ತಂಗಿಯ ದನಿ ಕೇಳಿಸಿಯೂ ಕೇಳಿಸದಂತಿತ್ತು. "ನಿನ್ ತಂಗಿನ ನೋಡೋದು ಬೇಡ್ವೇನೋ ನಿಂಗೆ?"

"ಅವನಿಗೂ ಬೇಕು. ಆದ್ರೆ ನಮ್ಮ ವಿಮಾನ ಈ ಬೋರ್ಡಲ್ಲೇ ಇಲ್ಲ," ಎಂದಳು ದಫೇದಾರಮ್ಮ. "ಯಾಕಿಲ್ಲ ಅಂತ ನೀನೇ ಹೇಳಪ್ಪ. ಅಷ್ಟು ದೂರ ನಂಗೆ ಗೊತ್ತಾಗಲಿಲ್ಲ."

ಮಗ ಮುಖದಿಂದ ಕೈ ತೆಗೆದು ಹೇಳಿದ. ಈ ಊರಿಗೆ ಎರಡು ವಿಮಾನ ನಿಲ್ದಾಣ. ಬಂದಿಳಿದದ್ದು ಒಂದರಲ್ಲಿ, ಮುಂದಿನ ವಿಮಾನ ಹೊರಡುವುದು ಇನ್ನೊಂದರಿಂದ. ಟಿಕೆಟ್ ಎರಡರ ಮೇಲೂ ಊರಿನ ಹೆಸರು ಒಂದೇ ಇತ್ತು. ಪ್ಲಾನಪ್ಪ ಊರು ಸುತ್ತುವ ಬಸ್ಸು ನೋಡಿದ್ದ, ನಿಲ್ದಾಣದ ಸ್ನಾನದ ಮನೆ ನೋಡಿದ್ದ, ಇದೊಂದನ್ನು ನೋಡಿರಲಿಲ್ಲ. ಊರಿಂದ ಹೊರಡುವಾಗ ಅಲ್ಲಿನ ಕೌಂಟರಿನವರೂ ಮುಂದಕ್ಕೆ ಟಿಕೆಟ್ ಇದೆಯೇ ಎಂದಷ್ಟೇ ನೋಡಿ ಬಿಟ್ಟಿದ್ದರು.

"ಟ್ಯಾಕ್ಸಿ ಮಾಡ್ಕೊಂಡು ಹೋಗೋದಪ್ಪ! ಅದಕ್ಕೇನು?"

"ಹೊರಗೆ ಕಾಲಿಡಕ್ಕೆ ವೀಸಾ ಬೇಕು ದೊಡ್ಡಮ್ಮ. ಬೇರೆಯವರಿಗೆಲ್ಲ ಬಾಗಿಲಲ್ಲೇ ಮುದ್ರೆ ಒತ್ತಿ ಬಿಡ್ತಾರೆ, ನಮಗೂ ಹಾಗೇ ಅಂದ್ಕೊಂಡಿದ್ದೆ. ಇಂಡಿಯಾ ಪಾಸ್‌ಪೋರ್ಟಾ, ಮೊದಲೇ ಮಾಡಿಸಬೇಕಿತ್ತು ಅಂದ್ಲು ಕೌಂಟರಿನವಳು. ಅಮ್ಮನ ಮುಖ ನೆನೆಸ್ಕೊಂಡೆ. ಕಳ್ಳತನ ಆಯ್ತು ಅಂದ್ರೆ... ಯಾರ ತಪ್ಪೂ ಅಲ್ಲ ಅನ್ನೋ ಹಾಗಿರುತ್ತೆ. ಸಂಜೆ ಕಳೆದ ಮೇಲೆ ಸಿಕ್ತು ಅಂತ ನಾನೇ ತೆಗೀತಿದ್ದೆ. ಅಮ್ಮ, ನಿನ್ ಮಗನಿಂದ ತಪ್ಪಿಹೋಯ್ತು ಅಂತ ಹೇಗಮ್ಮ ಹೇಳಲಿ ನಿಂಗೆ?"

* * *

ಸೊಸೆ ಯಾರನ್ನೂ ಕೇಳದೆ ಆ ಕೌಂಟರಿಗೆ ಓಡಿದಳು. ಉಳಿದವರು ಹಿಂದೆ. ದಫೇದಾರಮ್ಮನಿಗೆ ಮಂಡಿ ನೋವು, ಆದರೂ ಓಡಿದಳು.

ಕೌಂಟರಿನ ಹೆಂಗಸು ಮಗನನ್ನು ಗುರುತು ಹಿಡಿದಳು. ಏನೋ ಹೇಳಿ ಗಾಜಿನಾಚೆ ಕೈ ತೋರಿಸಿದಳು. ಸೊಸೆ ಕೇಳುತ್ತ ಕೇಳುತ್ತ ಕೌಂಟರಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಏನಂತೆ?"

"ಇಲ್ಲಿಂದಾನೇ ನಾವು ಹೋಗೋ ಊರಿಗೆ ಒಂದು ವಿಮಾನ ಇತ್ತಂತೆ ದೊಡ್ಡಮ್ಮ, ಮಧ್ಯಾಹ್ನ. ಸೀಟೂ ಇತ್ತಂತೆ. ಬೆಳಿಗ್ಗೆ ಇವರಿಗೆ ಅದನ್ನೇ ಹೇಳೋಕೆ ಹೊರಟಿದ್ಲಂತೆ. ಇವರು ಪೂರ್ತಿ ಕೇಳದೆ ಹೊರಟುಹೋದ್ರಂತೆ. ಹಿಂದಿನಿಂದ ಕರೆದ್ಲಂತೆ."

"ಈಗ?"

"ಬಾಗಿಲು ಹಾಕಿದಾರೆ. ಇನ್ನು ನಾಳೆ ಬೆಳಿಗ್ಗೆಯದು."

ಎಲ್ಲರೂ ಗಾಜಿನ ಕಡೆ ತಿರುಗಿದರು. ಬಿಳಿ ಹೊಟ್ಟೆಯ ದೊಡ್ಡ ವಿಮಾನವೊಂದು ಹಿಂದಕ್ಕೆ ಸರಿಯುತ್ತಿತ್ತು. ಶಬ್ದವೂ ಕೇಳಿಸದು. ತಂಗಿ ಗಾಜಿನ ಮೇಲೆ ಅಂಗೈ ಇಟ್ಟು ನಿಂತಳು. ಅದು ತಿರುಗಿತು, ಸ್ವಲ್ಪ ಹೊತ್ತು ನಿಂತಿತು, ಮನಸ್ಸು ಬದಲಿಸುವುದೇನೋ ಅನ್ನಿಸಿತು. ಆಮೇಲೆ ಹೋಯಿತು.

ಅವರು ಕಸದ ಬುಟ್ಟಿ ಹುಡುಕಿಸುತ್ತಿದ್ದಾಗ, ಟೋಪಿಯವನ ಚೀಲ ಸುರಿಸುತ್ತಿದ್ದಾಗ, ಅದು ಅಲ್ಲೇ ಬಾಗಿಲು ತೆರೆದುಕೊಂಡು ಕಾದಿತ್ತು.

ಮಗ ನೆಲದ ಮೇಲೆ ಕುಸಿದು ಕೂತ. ಹೊಡೆಸಿಕೊಳ್ಳಲು ಬಂದವನ ಹಾಗೆ ತಲೆ ಬಗ್ಗಿಸಿದ. ಯಾರೂ ಹೊಡೆಯಲಿಲ್ಲ. ಟೋಪಿಯವನು ಬಂದು, ಏನೂ ತೋಚದೆ, ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ.

ಅಷ್ಟರಲ್ಲಿ ತಂಗಿಯ ಫೋನು ಗುನುಗಿತು. ಆಸ್ಪತ್ರೆಯಿಂದ ಮಗಳು.

"ಅಮ್ಮ, ಎಲ್ಲಿದೀಯಾ? ತಲೆ ಬೋಳಿಸಿಬಿಟ್ರು ನೋಡು. ಬೆಳಿಗ್ಗೆ ಎದ್ದ ತಕ್ಷಣ ನೀನಿರ್ತೀಯಲ್ಲ?"

ತಂಗಿ ಪರದೆಯನ್ನೇ ನೋಡಿದಳು. ಕೆಳಗೆ ಕೂತ ಮಗನನ್ನು ನೋಡಿದಳು. ಅವನ ಬೆನ್ನು ಅಲುಗುತ್ತಿತ್ತು. ಅವಳು ಕೈ ಚಾಚಿ ಅವನ ನೆತ್ತಿಯ ಮೇಲಿಟ್ಟಳು.

"ಪಾಸ್‌ಪೋರ್ಟ್ ಕಳುವಾಗೋಯ್ತು ಮಗಳೇ. ಹುಡುಕೋದ್ರಲ್ಲಿ ವಿಮಾನ ಹೋಯ್ತು. ಈಗ ಸಿಕ್ಕಿದೆ. ನೀನು ಧೈರ್ಯವಾಗಿ ಒಳಗೆ ಹೋಗು, ಕಣ್ಣು ಬಿಡೋ ಹೊತ್ತಿಗೆ ನಾನಿರ್ತೀನಿ. ನಿನ್ನಣ್ಣ... ಪಾಪ, ಅವನು ತುಂಬ ಓಡಾಡಿದ."

ಆ ಕಡೆ ಬಿಕ್ಕು ಕೇಳಿಸಿತು. ಆಮೇಲೆ, ಅಳುವಿನ ನಡುವೆಯೇ, "ಯಾರಮ್ಮ ಕದ್ದಿದ್ದು? ದೊಡ್ಡಮ್ಮ ಇದ್ದೂ ಕಳ್ಳ ಸಿಗಲಿಲ್ವಾ?"

ತಂಗಿ ಫೋನನ್ನು ಅಕ್ಕನ ಕೈಗೆ ಕೊಟ್ಟಳು. ಬಾಯಿಬಿಟ್ಟು ಏನೂ ಕೇಳಲಿಲ್ಲ.

ಇಡೀ ನೌಕರಿಯಲ್ಲಿ ಒಂದೂ ಸುಳ್ಳು ವರದಿ ಕೊಟ್ಟವಳಲ್ಲ ದಫೇದಾರಮ್ಮ. ಪರದೆಯ ಮೇಲಿನ ಬೋಳುತಲೆಯನ್ನು ನೋಡಿ ಫೋನನ್ನು ಹತ್ತಿರಕ್ಕೆ ಹಿಡಿದಳು.

"ಇಲ್ಲ ಕಣಮ್ಮ, ಸಿಗಲಿಲ್ಲ. ವಯಸ್ಸಾಯ್ತು ನೋಡು, ಕಣ್ಣು ಮೊದಲಿನ ಹಾಗಿಲ್ಲ."