ಮಾರಾಟಕ್ಕಿಟ್ಟ ಮನೆಯ ಬಾಡಿಗೆಯವಳು

"ರೀ! ಯಾರ್ರೀ ನೀವು? ನನ್ನ ಅಡುಗೆಮನೇಲಿ ಏನ್ ಮಾಡ್ತಿದೀರಾ?"

ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬಂದ ಜುಸಾರಾ ಬಾಗಿಲಲ್ಲೇ ನಿಂತುಬಿಟ್ಟಳು. ಮಂಡಿಯೂರಿ ಕೂತಿದ್ದ ಅಪರಿಚಿತನೊಬ್ಬ ನೆಲದ ಹಳೆಯ ಹೂವಿನ ಟೈಲ್ಸನ್ನು ಮಗುವಿನ ಕೆನ್ನೆ ಸವರುವಂತೆ ಸವರುತ್ತಿದ್ದ.

ಗಡಬಡಿಸಿ ಎದ್ದವನ ತಲೆ ಕಪಾಟಿಗೆ ಬಡಿಯಿತು.

"ಅಯ್ಯೋ! ಕ್ಷಮಿಸಿ... ಓನರ್ ಜುಲ್ಮೀರಾ ಅಮ್ಮ ಬೀಗದ ಕೈ ಕೊಟ್ಟಿದ್ರು. ಮನೇಲಿ ಯಾರೂ ಇರಲ್ಲ ಅಂದಿದ್ರು. ನಾನು ಅನ್ಸೆಲ್ಮೊ. ಮನೆ ಕೊಳ್ಳೋಕೆ ನೋಡ್ತಿದೀನಿ."

ಕೊಳ್ಳೋಕೆ!

ಮಗಳ ಊರಿಗೆ ಹೋಗುತ್ತೇನೆ, ಮನೆ ಮಾರುತ್ತೇನೆ ಎಂದು ಮನೆಯೊಡತಿ ಜುಲ್ಮೀರಾ ಹೇಳಿದ್ದು ನಿಜ. ಆದರೆ ಇಷ್ಟು ಬೇಗ? ಲೊಂಡ್ರಿನಾ ನಗರದಲ್ಲಿ ಸಿಟಿ ಬಸ್ ಓಡಿಸುವ ಜುಸಾರಾ ಆರು ವರ್ಷದಿಂದ ಇಲ್ಲಿ ಬಾಡಿಗೆಗಿದ್ದಳು. ಕಾನೂನಿನಂತೆ ಕೊಳ್ಳುವ ಮೊದಲ ಹಕ್ಕು ಅವಳದೇ. ಮೂವತ್ತು ದಿನದೊಳಗೆ ಹೂಂ ಎನ್ನಬೇಕು, ಇಲ್ಲವೇ ಬೇಡವೆಂದು ಸಹಿ ಹಾಕಬೇಕು.

'ಸುಲಭಕ್ಕೆ ಬಿಡ್ತೀನಾ?' ಎಂದುಕೊಂಡಳು.

"ನಲ್ಲಿ ಸೋರುತ್ತೆ. ಇರುವೆ ಕಾಟ. ಪಕ್ಕದ ಮನೆ ಹುಂಜ ನಾಲ್ಕಕ್ಕೇ ಕೂಗುತ್ತೆ!"

"ಹುಂಜಕ್ಕೆ ನನ್ನ ಹತ್ರ ಮದ್ದಿಲ್ಲ," ಅವನು ತಲೆ ಉಜ್ಜಿಕೊಳ್ಳುತ್ತಾ ನಕ್ಕ. "ನಲ್ಲಿ ಸರಿ ಮಾಡ್ಬಹುದು."

ಶನಿವಾರ ನಿಜವಾಗಿಯೂ ಬಂದ! ಮುಂದಿನ ಶನಿವಾರ ಕಿಟಕಿಯ ನೆಪ. ಅವಳು ಕಾಫಿ ಕಾಯಿಸಿದಳು, ಬಿಸಿಬಿಸಿ ಚೀಸ್ ಬನ್ ಮುಂದಿಟ್ಟಳು. ಮಾತು ಶುರುವಾದರೆ ಜಗಳವೂ ಶುರು.

"ಹನ್ನೆರಡು ವರ್ಷದಿಂದ ಬೇರೆಯವ್ರ ಮನೆಗೆ ಟೈಲ್ಸ್ ಹಾಕ್ತಿದೀನಿ. ನನ್ನದು ಅಂತ ಒಂದು ನೆಲ ಬೇಡ್ವಾ?"

"ಬಾಡಿಗೆ ಮನೆ ಆದ್ರೆ ಬೇಜಾರಾದ ದಿನ ಪೆಟ್ಟಿಗೆ ಕಟ್ಟಿ ಹೊರಡಬಹುದು," ಎಂದಳು ಜುಸಾರಾ. ಅವಳ ದನಿ ತಗ್ಗಿತು. "ನಮ್ಮಪ್ಪ ಅಮ್ಮ ಸ್ವಂತ ಮನೆ ಕೊಂಡ್ರು. ಪ್ರೀತಿ ಹೋದ ಮೇಲೂ ಮನೆಗಾಗಿ ಜೊತೇಲೇ ಇದ್ರು. ಮೂರು ವರ್ಷ... ಒಂದು ಮಾತಿಲ್ಲ."

ಅನ್ಸೆಲ್ಮೊ ಬನ್ನಿನ ತಟ್ಟೆಯನ್ನು ಮೆಲ್ಲಗೆ ಅವಳತ್ತ ಸರಿಸಿದ. ಅಂದು ಅವನು ಹೋದ ಮೇಲೆ ಮನೆ ಯಾಕೋ ಬಿಕೋ ಎಂದಿತು...

ಮೂರನೆಯ ಶನಿವಾರ ಅವನು ಬರಲಿಲ್ಲ. ದಲ್ಲಾಳಿ ಬಂದ.

"ಇಲ್ಲೊಂದು ಸಹಿ ಹಾಕಿ ಮೇಡಂ. ಮನೆ ನಿಮಗೆ ಬೇಡ ಅಂತ. ಅನ್ಸೆಲ್ಮೊ ಕಾಯ್ತಿದಾನೆ."

ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. 'ಓಹೋ! ನಲ್ಲಿ, ಕಿಟಕಿ, ಆ ನಗು... ಎಲ್ಲಾ ಈ ಸಹಿಗಾಗಿಯಾ?'

"ನಾಳೆ ಬನ್ನಿ," ಎಂದು ಬಾಗಿಲು ಹಾಕಿಕೊಂಡಳು. ಕಣ್ಣು ತುಂಬಿತ್ತು.

ಮಧ್ಯಾಹ್ನ ಅವಳ ಬಸ್ಸನ್ನೇ ಹತ್ತಿದ ಅನ್ಸೆಲ್ಮೊ! ಪ್ಯಾಂಟಿನ ತುಂಬ ಕೆಂಪು ಮಣ್ಣು.

"ಸಹಿ ಬೇಕಿದ್ರೆ ನೇರವಾಗಿ ಕೇಳ್ಬೇಕಿತ್ತು!" ಜುಸಾರಾ ಸಿಡಿದಳು. "ನಲ್ಲಿ ನಾಟಕ ಯಾಕೆ?"

"ಯಾವ ಸಹಿ? ಆ ಮನೆ ಬೇಡ ಅಂತ ನಾನು ಹೋದ ವಾರಾನೇ ಹೇಳಿ ಬಂದೆ. ದಲ್ಲಾಳಿಗೆ ಬೇರೆ ಗಿರಾಕಿ ಸಿಕ್ಕಿರ್ಬೇಕು. ನನ್ನ ಹೆಸರು ಹೇಳಿದ್ರೆ ನೀವು ಸಹಿ ಹಾಕ್ತೀರಿ ಅಂದ್ಕೊಂಡಿದಾನೆ!"

"ಬೇಡ ಅಂದ್ರಾ? ಯಾಕೆ?"

ಅವನು ಕಂಬಿ ಗಟ್ಟಿಯಾಗಿ ಹಿಡಿದ.

"ನೀವಿಲ್ಲದ ಆ ಮನೆ ನೆನೆಸ್ಕೊಂಡೆ, ಜುಸಾರಾ. ಬರೀ ಗೋಡೆ, ನೆಲ... ಅಂಥವನ್ನ ದಿನಾ ನೋಡ್ತೀನಿ. ನನಗೆ ಬೇಕಿದ್ದದ್ದು ಆ ಅಡುಗೆಮನೇಲಿ ಜಗಳ ಆಡೋ ನೀವು."

ಕೆಂಪು ಸಿಗ್ನಲ್‌ಗೆ ನಿಂತಿದ್ದ ಬಸ್ಸಿನ ಜನರೆಲ್ಲ ಕತ್ತು ಚಾಚಿದರು.

"ಮಗಳೇ," ಮುಂದಿನ ಸೀಟಿನ ಅಜ್ಜಿ ಕೂಗಿದಳು, "ಸಿಗ್ನಲ್ ಹಸಿರಾಗಿ ಆಗಲೇ ಎಷ್ಟೊತ್ತಾಯ್ತು! ಹೂಂ ಅಂದು ಗಾಡಿ ತೆಗಿ!"

ಇಡೀ ಬಸ್ಸು ಗೊಳ್ಳೆಂದಿತು. ಕೆಂಪೇರಿದ ಮುಖವನ್ನು ಕನ್ನಡಿಗೆ ಕಾಣದಂತೆ ತಿರುಗಿಸುತ್ತಾ ಜುಸಾರಾ ಗೇರ್ ಹಾಕಿದಳು.

ಗಡುವಿನ ಇಪ್ಪತ್ತೆಂಟನೆಯ ದಿನ ಅವಳು, ಮನೆ ಕೊಳ್ಳುತ್ತೇನೆಂದು ಜುಲ್ಮೀರಾಗೆ ಹೂಂ ಎಂದಳು. ಕಾಗದಪತ್ರ ಸಿದ್ಧವಾದ ಬೆಳಿಗ್ಗೆ, ಸಾಕ್ಷಿಗೆ ಬಾ ಎಂದು ಅನ್ಸೆಲ್ಮೊನನ್ನು ನೋಂದಣಿ ಕಚೇರಿಗೆ ಕರೆದಳು. ಅಷ್ಟರಲ್ಲಿ 'ನೀವು' ಹೋಗಿ 'ನೀನು' ಬಂದಾಗಿತ್ತು.

ಗುಮಾಸ್ತೆ ತಲೆಯೆತ್ತದೆ ಕೇಳಿದಳು. "ಕೊಳ್ಳೋರು ಒಬ್ರಾ, ಇಬ್ರಾ?"

ಜುಸಾರಾ ಅನ್ಸೆಲ್ಮೊನತ್ತ ನೋಡಿದಳು. ಒಂದು ಕ್ಷಣ ಅಷ್ಟೇ.

"ಇಬ್ರು."

"ಜುಸಾರಾ!" ಅನ್ಸೆಲ್ಮೊ ಬೆಚ್ಚಿದ. "ಯೋಚನೆ ಮಾಡಿದೀಯಾ? ಬೇಜಾರಾದ ದಿನ ಪೆಟ್ಟಿಗೆ ಕಟ್ಟೋಕಾಗಲ್ಲ ಇಲ್ಲಿ."

"ಬೇಜಾರಾದ ದಿನ ಜಗಳ ಆಡೋಣ. ಆದ್ರೆ ಮಾತು ಮಾತ್ರ ಬಿಡಬಾರದು. ಆಗುತ್ತಾ?"

"ಆಗುತ್ತೆ..." ಅವನು ಅವಳತ್ತ ಬಾಗಿದ. "ಹಾಗಿದ್ರೆ ನಾನೂ ಒಂದು ಕೇಳ್ಲಾ?"

"ಬೇಗ ಕೇಳು, ಹಿಂದೆ ಜನ ನಿಂತಿದಾರೆ."

"ನನ್ನ ಮದುವೆ ಆಗ್ತೀಯಾ?"

ಅವಳು ಅವನ ಒರಟು ಬೆರಳುಗಳಲ್ಲಿ ತನ್ನ ಬೆರಳು ಹೆಣೆದಳು.

"ಅದಕ್ಕೂ ಇದೇ ಕೌಂಟರಾ, ಇಲ್ಲಾ ಬೇರೆ ಸಾಲಲ್ಲಿ ನಿಲ್ಬೇಕಾ? ಅವ್ರನ್ನ ಕೇಳು ಅನ್ಸೆಲ್ಮೊ... ನಿಲ್ಲೋಣ."