ಹೊಸ್ತಿಲಿನ ಹಲಗೆ

"ಚಿಕ್ಕಪ್ಪ ಕಟ್ಟಿಸಿದ ರ‍್ಯಾಂಪೇ ಅಪ್ಪನ್ನ ಕೊಂದಿದ್ದು, ಕಲ್ಲಮ್ಮತ್ತೆ. ನೀವೊಂದ್ಸಲ ನೋಡಿ. ಆಮೇಲೆ ನಾನು ಸ್ಟೇಷನ್‌ಗೆ ಹೋಗ್ತೀನಿ."

ಶ್ವೇತ ಹಾಗೆಂದಾಗ ನಾನು ಕಲ್ಲಮ್ಮನವರ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ಅವರು ಪೊಲೀಸ್ ಕೆಲಸದಿಂದ ನಿವೃತ್ತರಾಗಿ ಎನ್.ಆರ್.ಪುರದಲ್ಲೇ ನೆಲೆಸಿದವರು. ಊರಲ್ಲಿ ಏನೇ ಎಡವಟ್ಟಾದರೂ ಜನ ಮೊದಲು ತಟ್ಟುವುದು ಅವರ ಬಾಗಿಲು. ಅವರು ಹೋಗುವುದು ನನ್ನ ಆಟೋದಲ್ಲಿ, ದಾರಿಯುದ್ದಕ್ಕೂ ಬೈಸಿಕೊಳ್ಳುವುದು ಈ ರಂಗಪ್ಪನ ಪಾಲು.

ತೀರಿಕೊಂಡ ರೇಣುಕಪ್ಪ ನನಗೂ ಬೇಕಾದವರು. ಅಪಘಾತದಲ್ಲಿ ಕಾಲಿನ ಸ್ವಾಧೀನ ಹೋದ ಮೇಲೂ ಗಾಲಿಕುರ್ಚಿಯಲ್ಲಿ ಜಗಲಿಗೆ ಬಂದು, ನನ್ನ ಆಟೋ ಕಂಡರೆ ಕೈಯೆತ್ತಿ ರೇಗಿಸುತ್ತಿದ್ದರು. ಅಂಥವರು ಒಂದು ಬೆಳಿಗ್ಗೆ ತಲೆಗೆ ಪೆಟ್ಟಾಗಿ ಹೋಗಿಬಿಟ್ಟರು. ಸಾವು ಕೂಡ ಆರಿಸಿ ಆರಿಸಿ ಒಳ್ಳೆಯವರ ಮನೆಗೇ ನುಗ್ಗುತ್ತದೆ!

ಶ್ವೇತಳ ಸಿಟ್ಟಿಗೆ ಕಾರಣವಿತ್ತು. ಅಪ್ಪನಿಗೆಂದು ಅವಳು ಶಿವಮೊಗ್ಗದಿಂದ ಮಡಚುವ ಅಲ್ಯೂಮಿನಿಯಂ ರ‍್ಯಾಂಪ್ ತಂದಿದ್ದಳು. ಅದು ಅಲುಗಾಡುತ್ತದೆಂದು ಚಿಕ್ಕಪ್ಪ ಯೋಗೇಶ ಅಟ್ಟಕ್ಕೆ ಹಾಕಿ, ಜಗಲಿಯಿಂದ ಅಂಗಳಕ್ಕೆ ಸಿಮೆಂಟಿನದು ಕಟ್ಟಿಸಿದ. ಅಂಗಳ ಚಿಕ್ಕದು, ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬಿಡಲು ಜಾಗವೆಲ್ಲಿ? ಇಳಿಜಾರು ಕಡಿದಾಯಿತು. ಎತ್ತರದ ಹೊಸ್ತಿಲು ದಾಟಲು ಒಳಗೊಂದು ಹೊರಗೊಂದು ಓರೆ ಹಲಗೆ ಮಾಡಿಸಿದವನೂ ಅವನೇ.

ಯೋಗೇಶನನ್ನು ಚಿಕ್ಕಂದಿನಿಂದ ಸಾಕಿದ್ದು ಅತ್ತಿಗೆ ಗಂಗಾಂಬಿಕೆ. ಈಗ ಅವರು ಅವನ ಮುಖ ನೋಡುತ್ತಿರಲಿಲ್ಲ. ಅವನು ತನ್ನ ಅಂಗಡಿಯಲ್ಲೇ ಮಲಗುತ್ತಿದ್ದ, ಮನೆಯಲ್ಲಿ ಒಂದು ತುತ್ತೂ ತಿಂದಿರಲಿಲ್ಲ.

ನಾವು ಹೋದಾಗ ಗಂಗಾಂಬಿಕೆ ಬಾಗಿಲ ಬಳಿ ಕೂತಿದ್ದರು. ಕಲ್ಲಮ್ಮ ಮೆಲ್ಲಗೆ ಕೇಳುತ್ತಾ ಹೋದರು. ಕುರ್ಚಿ ಬಿದ್ದದ್ದು ಎಲ್ಲಿ? ಜಗಲಿಯ ಮೇಲೆ. ತಲೆ ಯಾವ ಕಡೆಗಿತ್ತು? ಅಂಗಳದ ಕಡೆಗೆ, ಕಾಲು ಬಾಗಿಲ ಕಡೆಗೆ. ಆಗ ನೀವೆಲ್ಲಿದ್ದಿರಿ? ಹೊಸ್ತಿಲ ಪೂಜೆಗೆ ಹಿತ್ತಲಲ್ಲಿ ಹೂ ಕೊಯ್ಯುತ್ತಿದ್ದರಂತೆ. ಸದ್ದು ಕೇಳಿ ಬುಟ್ಟಿ ಹಿಡಿದೇ ಓಡಿಬಂದಾಗ ಯೋಗೇಶ ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ.

"ಹಲಗೆ ಜಾಗದಲ್ಲೇ ಇತ್ತಾ?"

"ಇತ್ತಕ್ಕ."

ಸಾವಿನ ಮನೆಯಲ್ಲಿ ಪೂಜೆ ನಿಂತಿತ್ತು, ಹೊರಗಿನ ಹಲಗೆಯನ್ನು ಯಾರೂ ಎತ್ತಿರಲಿಲ್ಲ. ಕಲ್ಲಮ್ಮ ನನ್ನಿಂದ ಎತ್ತಿಸಿದರು. ಹೊಸ್ತಿಲ ಮುಖಕ್ಕೆ ಬಳಿದ ಅರಿಶಿನ, ಕುಂಕುಮ ಹಸಿಯಿದ್ದಾಗಲೇ ಒತ್ತಿ ಕದಡಿ, ಹಲಗೆಗೂ ಮೆತ್ತಿ ಒಣಗಿತ್ತು. ಹೂವಿನ ಒಂದು ಎಸಳೂ ಇರಲಿಲ್ಲ. ಕಲ್ಲಮ್ಮ ಬಗ್ಗಿ ಎರಡನ್ನೂ ನೋಡಿದರು. ಆಮೇಲೆ ಯೋಗೇಶನನ್ನು ಕರೆತರಲು ಹೇಳಿದರು.

ಅವನು ಒಳಗೆ ಬರಲಿಲ್ಲ, ಜಗಲಿಯಲ್ಲೇ ನಿಂತ. ಬಿಳಿ ಅಂಗಿಯ ತೋಳಿನ ತುದಿಯಲ್ಲಿ ಒಗೆದರೂ ಹೋಗದ ಹಳದಿ ಕಲೆಯಿತ್ತು. ಎತ್ತಿಟ್ಟ ಹಲಗೆ ನೋಡಿದ್ದೇ ಅವನ ಮುಖ ಬಿಳುಚಿತು.

"ಬೇಡ ಕಲ್ಲಮ್ಮಕ್ಕ. ನಂದೇ ತಪ್ಪು ಅಂತ ಬರ್ಕೊಡ್ತೀನಿ."

"ನೀನು ಜೈಲಿಗೆ ಹೋದ್ರೆ ನಿಮ್ಮಣ್ಣ ಎದ್ದು ಬರ್ತಾನೇನೋ?" ಎಂದು ಗದರಿಸಿ, ಕಲ್ಲಮ್ಮ ಎಲ್ಲರೆದುರು ಹೇಳತೊಡಗಿದರು.

ರೇಣುಕಪ್ಪ ಸಿಮೆಂಟಿನ ಇಳಿಜಾರನ್ನು ತಲುಪಿಯೇ ಇರಲಿಲ್ಲ. ತಲುಪಿದ್ದರೆ ಕುರ್ಚಿ ಅಂಗಳದಲ್ಲಿ ಬಿದ್ದಿರುತ್ತಿತ್ತು. ತಲೆ ಅಂಗಳದ ಕಡೆಗೆ, ಕಾಲು ಬಾಗಿಲ ಕಡೆಗೆ ಎಂದರೆ ಅವರು ಹೊಸ್ತಿಲನ್ನು ಹಿಮ್ಮುಖವಾಗಿ ಇಳಿದಿದ್ದರು. ಇಳಿಜಾರಿನಲ್ಲಿ ಗಾಲಿಕುರ್ಚಿ ಮುಗ್ಗರಿಸದಂತೆ ಇಳಿಯುವ ಕ್ರಮವೇ ಅದು. ಹಿಂದೆ ಹಲಗೆ ಇಲ್ಲದ್ದು ಅವರಿಗೆ ಕಾಣಲಿಲ್ಲ. ಬೆಳಿಗ್ಗೆ ಹೊಸ್ತಿಲು ತೊಳೆಯಲು ಆ ಹಲಗೆ ಎತ್ತಿಡುತ್ತಿದ್ದವರು ಗಂಗಾಂಬಿಕೆ. ಅರಿಶಿನ, ಕುಂಕುಮ ಹಚ್ಚಿ, ಹೂವಿಟ್ಟ ಮೇಲೆಯೇ ಅವರು ಹಲಗೆ ಹಾಕುವುದು. ಅಂದು ಹೂವು ಬುಟ್ಟಿಯಲ್ಲೇ ಉಳಿದಿತ್ತು. ಹಾಗಾದರೆ ಹಲಗೆ ಹಾಕಿದವರು ಬೇರೆ; ಅದು ಜಾಗದಲ್ಲೇ ಕಂಡದ್ದರಿಂದ ತಾನೇ ಹಾಕಿರಬೇಕೆಂದು ಗಂಗಾಂಬಿಕೆ ಆ ಗಾಬರಿಯಲ್ಲಿ ನಂಬಿದ್ದರು. ಮೊದಲು ಓಡಿಬಂದವನು ಯೋಗೇಶ, ಅರಿಶಿನ ಅವನ ತೋಳಿಗೇ ಹತ್ತಿತ್ತು.

"ಅತ್ತಿಗೆಗೆ ಗೊತ್ತಾದ್ರೆ ಬದುಕೋದಿಲ್ಲ ಅನ್ನಿಸ್ತು," ಎಂದ ಯೋಗೇಶ. "ಹಿಂದುಮುಖ ಇಳಿಯೋದು ಕಲಿಸಿದ್ದು ನಾನು. ಬೈಗುಳ ನನಗೇ ಇರ್ಲಿ ಅಂದ್ಕೊಂಡೆ."

ಗಂಗಾಂಬಿಕೆ ಹಲಗೆ ಹಾಕಿ ಕರೆಯುವ ಮೊದಲೇ ರೇಣುಕಪ್ಪ ಹೊರಟದ್ದೇಕೆ ಎಂದು ಯಾರೂ ಕೇಳಲಿಲ್ಲ. ಅಂದು ಕೊಪ್ಪದಿಂದ ಮೊದಲ ಬಸ್ಸಿಗೆ ಶ್ವೇತ ಬರುವವಳಿದ್ದಳು. ಅವಳಿಗೂ ಅದು ಹೊಳೆದಿರಬೇಕು, ಗೋಡೆಗೆ ಮುಖವಿಟ್ಟು ಅತ್ತಳು. ನನಗೂ ತಡೆಯಲಾಗಲಿಲ್ಲ.

ಗಂಗಾಂಬಿಕೆ ಅಳಲಿಲ್ಲ. ಎದ್ದು ಹಿತ್ತಲಿಗೆ ಹೋದರು. ಏನು ಮಾಡಿಕೊಂಡಾರೋ ಎಂದು ಕಲ್ಲಮ್ಮ ಹಿಂದೆಯೇ ನಡೆದರು. ಇಬ್ಬರೂ ಬಂದಾಗ ಗಂಗಾಂಬಿಕೆಯ ಕೈಯಲ್ಲಿ ಒಂದು ದಾಸವಾಳವಿತ್ತು. ಬಗ್ಗಿ ಅದನ್ನು ಹೊಸ್ತಿಲಿಗೆ ಇಟ್ಟರು. ಅಲ್ಲೇ ಹಣೆ ಊರಿ ಸುಮಾರು ಹೊತ್ತು ಕೂತರು.

"ಈಗ ಹಲಗೆ ಹಾಕು, ಯೋಗೇಶ," ಎಂದರು ಕೊನೆಗೆ. "ಹಾಕಿ ಒಳಗೆ ಬಾ. ಅನ್ನ ಆರ್ತಾ ಇದೆ."