ಸಂಜೆ ಆರೂಕಾಲರ ಗೊರಗೊರ

“ನೀವು ನನಗ ರೇಡಿಯೊ ಮಾರೀರೋ, ಶೇಂಗಾ ಹುರಿಯೋ ಬಾಣಲಿ ಮಾರೀರೋ?”

ಗದಗಿನ ಸ್ಟೇಶನ್ ರೋಡಿನಲ್ಲಿ ಉಳವಪ್ಪನವರ ರೇಡಿಯೊ ಅಂಗಡಿ. ಅಲ್ಲಿ ರಿಪೇರಿ ಮಾಡುತ್ತಿದ್ದ ದೇವೇಂದ್ರಪ್ಪ ಒಂದು ಹಳೆಯ ಸೆಟ್ಟಿನ ಹೊಟ್ಟೆ ಬಿಚ್ಚಿಟ್ಟುಕೊಂಡು ಕೂತಿದ್ದವನು, ಈ ದನಿಗೆ ತಲೆ ಎತ್ತಿದ. ಕೌಂಟರಿನ ಆಚೆ ಒಬ್ಬ ಯುವತಿ. ಇಳಕಲ್ ಸೀರೆ, ಬಿಸಿಲಿಗೆ ಕೆಂಪೇರಿದ ಮೂಗು. ಕೂಸಿನ ಹಾಗೆ ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಹಿಡಿದ ಮೂರು ಬ್ಯಾಂಡಿನ ರೇಡಿಯೊ.

ಅವಳನ್ನು ಮರೆಯುವಂತಿರಲಿಲ್ಲ. ಲಕ್ಷ್ಮೇಶ್ವರದ ನೀಲಗಂಗಾ. ಒಂದೇ ತಿಂಗಳಲ್ಲಿ ಬಸ್ಸು ಹತ್ತಿ ಬಂದದ್ದು ಇದು ಮೂರನೆಯ ಸಲ. ಮೊದಲ ಸಲ ಅವನು ಸೆಟ್ಟನ್ನು ಬಿಚ್ಚಿ, ಒರೆಸಿ ಕೊಟ್ಟಿದ್ದ. ಎರಡನೆಯ ಸಲ ಉಳವಪ್ಪನವರು ಸೆಟ್ಟನ್ನೇ ಬದಲಿಸಿ ಕೊಟ್ಟಿದ್ದರು. ಈಗ ಹೊಸದಕ್ಕೂ ಅದೇ ರೋಗವಂತೆ.

ದೇವೇಂದ್ರ ಸ್ವಿಚ್ ತಿರುಗಿಸಿದ. ಧಾರವಾಡ ಕೇಂದ್ರ ಪಕ್ಕದ ಕೋಣೆಯಲ್ಲೇ ಕೂತು ಮಾತಾಡಿದಷ್ಟು ಸ್ವಚ್ಛವಾಗಿ ಕೇಳಿತು.

“ಚೊಲೋ ಐತಲ್ರೀ ಅಕ್ಕಾರ.”

“ಇಲ್ಲಿ ಚೊಲೋನ ಐತಿ. ನಮ್ಮ ಮನ್ಯಾಗ ಸಂಜಿ ಆರು ಹೊಡೀತಂದ್ರ ಗೊರಗೊರ ಅಂತೈತಿ. ಸೆಲ್ ಹೊಸಾವು ಹಾಕಿದ್ರೂ ಅಷ್ಟ.”

“ಸ್ಟೇಶನ್ನಿನ ಮುಳ್ಳು ಸರಿಯಾಗಿ ಹಚ್ಚಬೇಕ್ರಿ. ಕೂದಲೆಳಿಯಷ್ಟು ಆಕಡಿ ಈಕಡಿ ಆದ್ರ…”

“ನಾ ಕೌದಿ ಹೊಲಿಯಾಕಿ ಅದೀನ್ರಿ. ದಿನಾ ಹತ್ತು ಸರ್ತಿ ಸೂಜಿಗೆ ದಾರ ಪೋಣಿಸ್ತೀನಿ. ನನಗ ಮುಳ್ಳು ಹಚ್ಚಾಕ ಬರೂದಿಲ್ಲೇನು?”

ದೇವೇಂದ್ರನಿಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ. ಸೆಟ್ಟಿನ ಮೇಲೆ ಕೈಯಿಟ್ಟು, ದನಿ ಇಳಿಸಿ ಹೇಳಿದಳು:

“ಬರೂ ಬೇಸ್ತವಾರ ಸಂಜಿ ಆರೂಕಾಲಕ್ಕ ನನ್ನ ಮಾತು ಬರತೈತ್ರಿ, ಧಾರವಾಡದಿಂದ. ಕೌದಿ ಬಗ್ಗೆ ಮೊನ್ನೆ ರೆಕಾರ್ಡ್ ಮಾಡ್ಕೊಂಡಾರ. ಹತ್ತು ನಿಮಿಷ ಅಷ್ಟ. ಒಮ್ಮೆ ಬಂತಂದ್ರ ಮತ್ತ ಬರೂದಿಲ್ಲ. ನಮ್ಮವ್ವ ಕೇಳಬೇಕು. ಅಕಿಗೆ ಕಣ್ಣು ಕಾಣೂದಿಲ್ಲ.”

ಅವನ ನಗು ತುಟಿಯಲ್ಲೇ ನಿಂತಿತು.

“ಐತವಾರ ಸೂಟಿ ಐತಿ,” ಎಂದ. “ನಾನ ಬಂದು ನೋಡ್ತೀನ್ರಿ.”

ಅದು ಎಪ್ಪತ್ತೊಂಬತ್ತರ ಜನವರಿ. ರೇಡಿಯೊ ಇಟ್ಟುಕೊಳ್ಳಲಿಕ್ಕೂ ಪೋಸ್ಟಾಫೀಸಿನಲ್ಲಿ ಲೈಸನ್ಸ್ ಮಾಡಿಸಬೇಕಿದ್ದ ಕಾಲ. ಮನೆಗೆ ಹೊಸ ಸೆಟ್ಟು ಬಂದರೆ ಅದಕ್ಕೆ ಕಸೂತಿ ಹಾಕಿದ ಗವಸು ಹೊಲಿದು, ಕುಂಕುಮ ಹಚ್ಚಿ, ಗೋಡೆಯ ಮಾಡದಲ್ಲಿ ಇಡುತ್ತಿದ್ದರು. ನೀಲಗಂಗಾ ಕೂಡ ಇಟ್ಟಿದ್ದಳು. ಐತವಾರ ಮಧ್ಯಾಹ್ನ ಅವರ ಮನೆಗೆ ಹೋದ ದೇವೇಂದ್ರನ ಕಣ್ಣಿಗೆ ಮೊದಲು ಬಿದ್ದದ್ದು ಆ ಗವಸು: ಹಸಿರು ಖಣದ ಮೇಲೆ ಕೆಂಪು ದಾರದ ಸಣ್ಣ ಸಣ್ಣ ಗಿಳಿಗಳು.

ಎರಡನೆಯದಾಗಿ ಕಣ್ಣಿಗೆ ಬಿದ್ದದ್ದು ನೀಲಗಂಗಾಳ ಅವ್ವ. ಅಮೃತವ್ವ ಒಳಮನೆಯ ಕಂಬಕ್ಕೆ ಒರಗಿ ಕೂತಿದ್ದಳು. ಎರಡು ವರ್ಷದ ಹಿಂದೆ ಕಣ್ಣು ಪೂರಾ ಹೋದ ಮೇಲೆ ಅವಳು ಆ ಒಳಮನೆಯ ಹೊಸ್ತಿಲು ದಾಟಿ ಹೊರಗೆ ಬಂದಿರಲಿಲ್ಲ. ಒಂದು ಕಾಲಕ್ಕೆ ಹಳೆಯ ಸೀರೆ, ಧೋತರ ಕೂಡಿಸಿ ಹೊಲಿದ ಆ ಓಣಿಯ ಕೌದಿಗಳೆಲ್ಲ ಅವಳ ಕೈಯವೇ. ಈಗ ಯಾರಾದರೂ “ಅಯ್ಯೋ ಪಾಪ” ಅಂದರೆ ಸಾಕು, ಎದ್ದು ಇನ್ನೂ ಒಳಗೆ ಹೋಗುತ್ತಿದ್ದಳು.

“ರೇಡಿಯೊದವರೇನು? ಕುಂಡ್ರಿ. ರೊಟ್ಟಿ ತಿಂದು ಆಮ್ಯಾಲೆ ನೋಡ್ರಿ,” ಎಂದಳು.

ಊಟಕ್ಕೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ. ಉಂಡೆದ್ದು ದೇವೇಂದ್ರ ಸೆಟ್ಟು ನೋಡಿದ. ಏನೂ ತಪ್ಪಿಲ್ಲ. ಮೂರು ಹೊಡೆಯಿತು, ನಾಲ್ಕು ಹೊಡೆಯಿತು, ರೇಡಿಯೊ ಜಾಣ ಹುಡುಗನ ಹಾಗೆ ಮಾತಾಡುತ್ತಲೇ ಇತ್ತು.

“ಗೊರಗೊರ ಎಲ್ಲೈತ್ರೀ ಅಕ್ಕಾರ?”

“ಆರರ ತನಕ ಕುಂಡ್ರಾಕ ನಿಮಗೇನು ಮುಳ್ಳು ಚುಚ್ಚತಾವೇನು?” ನೀಲಗಂಗಾ ಕೌದಿಯಿಂದ ಕಣ್ಣೆತ್ತದೆ ಕೇಳಿದಳು. ಆದರೆ ತುಟಿಯ ಒಂದು ಕೊನೆ ಅವಳ ಮಾತು ಕೇಳದೆ ನಕ್ಕುಬಿಟ್ಟಿತು. ದೇವೇಂದ್ರ ಅದನ್ನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು. ಆಮೇಲೆ ಬಹಳ ಹೊತ್ತು ಇಬ್ಬರೂ ರೇಡಿಯೊವನ್ನೇ ನೋಡಿದರು.

ಸರಿಯಾಗಿ ಆರಕ್ಕೆ ಊರಿಗೆ ಕರೆಂಟು ಬಂತು. ಅದರ ಬೆನ್ನಿಗೇ ರೇಡಿಯೊ ಗೊರಗೊರ ಎಂದಿತು. ಧಾರವಾಡ ಕೊಚ್ಚಿಹೋಯಿತು.

“ಕೇಳ್ರಿ!” ನೀಲಗಂಗಾ ಗೆದ್ದವಳ ಹಾಗೆ ಎದ್ದು ನಿಂತಳು. “ನಾ ಸುಳ್ಳು ಹೇಳಿದ್ನೇನು?”

ದೇವೇಂದ್ರ ಸೆಟ್ಟನ್ನು ಎತ್ತಿ ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದ. ಅಡ್ಡ ಹಿಡಿದರೆ ಗೊರಗೊರ ಕಡಿಮೆ, ಆದರೆ ಧಾರವಾಡವೂ ಕಡಿಮೆ. ಉದ್ದ ಹಿಡಿದರೆ ಎರಡೂ ಜೋರು.

“ರೋಗ ಸೆಟ್ಟಿನಾಗಿಲ್ಲ. ಹೊರಗೈತಿ. ಬರ್ರಿ ನನ್ನ ಜೋಡಿ.”

ಆ ಸಂಜೆ ಓಣಿಯ ಮಂದಿಯೆಲ್ಲ ಕಟ್ಟೆಗೆ ಬಂದು ನಿಂತು ನೋಡಿದರು. ಗದಗಿನಿಂದ ಬಂದ ಒಬ್ಬ ಗಂಡಸು ಕಿವಿಗೆ ರೇಡಿಯೊ ಹಚ್ಚಿಕೊಂಡು ಒಂದೊಂದೇ ಹೆಜ್ಜೆ ಇಡುತ್ತಿದ್ದ. ಹಿಂದೆ ಹಿಂದೆ ಅಮೃತವ್ವನ ಮಗಳು. ಗೊರಗೊರ ಹೆಚ್ಚಾದ ಕಡೆ ಅವನು ತಿರುಗಿ ಸೆಟ್ಟನ್ನು ಅವಳ ಕಿವಿಗೆ ಹಿಡಿಯುತ್ತಿದ್ದ. ಅವಳು ಕಣ್ಣು ಮುಚ್ಚಿ ಕೇಳಿ, “ಹ್ಞೂಂ, ಈಕಡಿ,” ಎನ್ನುತ್ತಿದ್ದಳು. ಅವಳ ಮುಡಿಯ ಸೇವಂತಿಗೆಯ ವಾಸನೆಗೆ ದೇವೇಂದ್ರ ಒಂದು ಸಲ ದಿಕ್ಕು ತಪ್ಪಿ ಗೋಡೆಗೆ ಹೋಗಿ ನಿಂತದ್ದೂ ಉಂಟು.

ಹಾಗೆ ಹೋಗಿ ಅವರು ಮುಟ್ಟಿದ್ದು ಗೌಸಸಾಬರ ಹಿಟ್ಟಿನ ಗಿರಣಿ.

ಮೋಟಾರು ಚಾಲೂ ಮಾಡುವ ಗೋಡೆಯ ಪೆಟ್ಟಿಗೆಯ ಸಂದಿಯಲ್ಲಿ ನೀಲಿ ಕಿಡಿ ಹಾರುತ್ತಿತ್ತು. ಒಳಗಿನ ತಾಮ್ರದ ಪಟ್ಟಿ ಸವೆದು ಕಪ್ಪಾಗಿದೆ, ಆ ಕಿಡಿಯೇ ರೇಡಿಯೊದಲ್ಲಿ ಗೊರಗೊರ ಅನ್ನುತ್ತದೆ ಎಂದು ದೇವೇಂದ್ರ ತಿಳಿಸಿ ಹೇಳಿದ.

ಗೌಸಸಾಬರು ಗಡ್ಡದ ಹಿಟ್ಟು ಕೊಡವಿಕೊಂಡರು. “ಖರೆ ಇರಬಹುದಪ್ಪ. ಆದ್ರ ಕರೆಂಟು ಇರೂದು ಎರಡು ತಾಸು. ಪಾಳಿ ನೋಡು, ಬಾಗಲಾ ದಾಟೈತಿ. ಈಗ ಬಂದ್ ಮಾಡಿದ್ರ ಮಂದಿ ನಾಳೆ ರೊಟ್ಟಿ ಯಾತರ್ದು ಮಾಡಬೇಕು?”

“ಬೇಸ್ತವಾರ ಹೊಸ ಪಟ್ಟಿ ತರ್ತೀನ್ರಿ. ಕರೆಂಟು ಬರೂಕಿಂತ ಮೊದ್ಲ ಬಂದು ಕೂಡಿಸ್ತೀನಿ.”

“ಹಂಗಾದ್ರ ಆತು. ಅಮೃತವ್ವಗ ಅಷ್ಟರ ಮಾಡೂಣು. ನಮ್ಮ ಮನ್ಯಾಗಿನ ಕೌದಿ ಎಲ್ಲಾ ಅಕಿ ಕೈಯಾವ.”

ಬಸ್ಸಿಗೆ ಹೊರಟ ದೇವೇಂದ್ರನಿಗೆ ನೀಲಗಂಗಾ ಒಂದು ಬುತ್ತಿ ಕೊಟ್ಟಳು. “ಬೇಸ್ತವಾರ ಮರೀಬ್ಯಾಡ್ರಿ.”

“ಮರಿಯಾಂಗಿಲ್ಲ, ನೀಲಗಂಗಾ ಅವರ.”

ಅಕ್ಕಾರ ಅನ್ನಲಿಲ್ಲ ಎಂಬುದು ಅವಳಿಗೆ ಮನೆಯ ಮೆಟ್ಟಿಲು ಹತ್ತುವಾಗ ಹೊಳೆಯಿತು. ಹತ್ತಿದವಳು ಸುಮ್ಮನೆ ಅಲ್ಲೇ ನಿಂತಳು.

ಬೇಸ್ತವಾರ ಮಧ್ಯಾಹ್ನದ ಬಸ್ಸು ಮುಳಗುಂದದ ಹತ್ತಿರ ಟೈರು ಸಿಡಿದು ನಿಂತಿತು. ದೇವೇಂದ್ರ ಪಟ್ಟಿಯ ಪೊಟ್ಟಣ ಹಿಡಿದು ರಸ್ತೆಯ ಮೇಲೆ ಅತ್ತಿತ್ತ ತಿರುಗಾಡಿದ. ಕಡೆಗೆ ಹತ್ತಿ ಹೇರಿದ ಒಂದು ಲಾರಿಗೆ ಕೈ ಮಾಡಿ ಹತ್ತಿ, ಲಕ್ಷ್ಮೇಶ್ವರ ಮುಟ್ಟಿದಾಗ ಆರು ದಾಟಿತ್ತು. ಗಿರಣಿ ಆಗಲೇ ತಿರುಗುತ್ತಿತ್ತು.

ಇತ್ತ ನೀಲಗಂಗಾ ಗೊರಗೊರ ಎನ್ನುವ ರೇಡಿಯೊದ ಮುಂದೆ ಅಳುವುದೊಂದು ಬಾಕಿ. ಅಮೃತವ್ವ ಹೊಸ ಸೀರೆ ಉಟ್ಟು, ತಲೆ ಬಾಚಿಸಿಕೊಂಡು ಕೂತಿದ್ದಳು, ಬೀಗರ ಮನೆಗೆ ಹೊರಟವಳ ಹಾಗೆ.

“ಹೋಗ್ಲಿ ಬಿಡ ಮಗಳ. ನೀ ಮಾತಾಡಿದ್ದು ನನಗ ಗೊತ್ತೈತಲ್ಲ, ಅಷ್ಟ ಸಾಕು,” ಎಂದಳು. ಸಾಕಾಗಿಲ್ಲವೆಂಬುದು ಅವಳ ಕೈಬೆರಳು ಸೆರಗನ್ನು ಹಿಂಡುತ್ತಿದ್ದುದರಲ್ಲೇ ಗೊತ್ತಾಗುತ್ತಿತ್ತು.

ಆರೂಕಾಲಕ್ಕೆ ಇನ್ನೂ ಆರೇಳು ನಿಮಿಷ ಇದ್ದಾಗ ಗೊರಗೊರ ಒಮ್ಮೆಲೇ ನಿಂತಿತು. ಐದು ನಿಮಿಷ ಬಿಟ್ಟು ಮತ್ತೆ ಬಂತು. ಮತ್ತೆ ನಿಂತಿತು. ಈ ಸಲ ಬರಲಿಲ್ಲ.

“ಈಗ ಕೌದಿಯ ಕುರಿತು, ಲಕ್ಷ್ಮೇಶ್ವರದ ಶ್ರೀಮತಿ… ಅಲ್ಲ, ಕುಮಾರಿ ನೀಲಗಂಗಾ,” ಎಂದು ರೇಡಿಯೊದ ಹೆಣ್ಣುದನಿ ತಿದ್ದಿಕೊಂಡಿತು. ಆಮೇಲೆ ನೀಲಗಂಗಾಳದೇ ದನಿ. ಒಂದಿಷ್ಟು ನಡುಗುವ, ಒಂದಿಷ್ಟು ಅವಸರದ ದನಿ. “ನಮ್ಮವ್ವ ಅಮೃತವ್ವ ನನಗ ಮೊದಲು ಕಲಿಸಿದ್ದು ಹೊಲಿಯೂದಲ್ಲ, ಹಳೇ ಅರಿವಿ ಮುಟ್ಟಿ ನೋಡೂದು. ಇದು ಯಾರು ಉಟ್ಟಿದ್ದು, ಎಷ್ಟು ವರ್ಷ ಉಟ್ಟಿದ್ದು, ಕೈಗೆ ತಿಳಿಬೇಕು ಅಂತಿದ್ಲು…”

ಅಮೃತವ್ವ ಹತ್ತು ನಿಮಿಷವೂ ಅಲುಗಾಡಲಿಲ್ಲ. ಮುಗಿದ ಮೇಲೆ ಹೇಳಿದಳು:

“ಖಣದ ತುಂಡು ನಡುವ ಇಡಬೇಕು ಅಂದಿ. ನಾ ಯಾವಾಗ ಹಂಗಂದಿದ್ದೆ? ಮೂಲಿಗೆ ಅಂದಿದ್ದೆ.” ಅಷ್ಟು ಹೇಳಿ ಮಗಳ ಕೊರಳಿಗೆ ಮುಖ ಹಚ್ಚಿ ಅತ್ತುಬಿಟ್ಟಳು.

ಅವ್ವ ಸಮಾಧಾನವಾದ ಮೇಲೆ ನೀಲಗಂಗಾ ಗಿರಣಿಗೆ ಓಡಿದಳು.

ಪಾಳಿ ಹಾಗೆಯೇ ಇತ್ತು, ಮೋಟಾರು ತಿರುಗುತ್ತಲೇ ಇತ್ತು. ಗೋಡೆಯ ಪೆಟ್ಟಿಗೆಯ ಮುಂದೆ ಒಂದು ಬಿಳಿಯ ಮನುಷ್ಯಾಕೃತಿ. ತಲೆ, ಹುಬ್ಬು, ಮೀಸೆ ಎಲ್ಲಕ್ಕೂ ಜೋಳದ ಹಿಟ್ಟು. ಕೈಯಲ್ಲಿ ಒಂದು ಒಣ ಕಟ್ಟಿಗೆ. ಅದರ ತುದಿಯಿಂದ ತಾಮ್ರದ ಪಟ್ಟಿಯನ್ನು ಒತ್ತಿ ಹಿಡಿದು, ಹಲ್ಲು ಕಚ್ಚಿ ನಿಂತಿದ್ದ.

“ಸ್ಕ್ರೂ ಹಿಡೀಲಿಲ್ಲವ್ವ,” ಗೌಸಸಾಬರು ಕೂಗಿ ಹೇಳಿದರು. “ಐದು ನಿಮಿಷ ಬಂದ್ ಮಾಡಿ ಕೊಟ್ಟೆ, ಪಟ್ಟಿ ನಿಲ್ಲಲಿಲ್ಲ. ಆವಾಗಿಂದ ಹಿಂಗ ಒತ್ತಿ ಹಿಡಕೊಂಡು ನಿಂತಾನ. ಸಾಕು ಬಿಡೋ ಅಂದ್ರ ಕೇಳವಲ್ಲ!”

“ಕೇಳಿಸ್ತೇನ್ರಿ?” ದೇವೇಂದ್ರ ಕೇಳಿದ.

ನೀಲಗಂಗಾ ಹೌದೆಂದು ತಲೆ ಆಡಿಸಿದಳು. ಅವನು ಕಟ್ಟಿಗೆ ಕೆಳಗಿಟ್ಟ. ಅಂಗೈಯಲ್ಲಿ ಎರಡು ಬೊಬ್ಬೆ ಎದ್ದಿದ್ದವು.

“ಮುದುಕ ಆಗಿಬಿಟ್ಟೀರಲ್ರಿ,” ಎಂದಳು ಕಡೆಗೆ. ಅವಳಿಗೆ ನಗುವೂ ಬಂತು, ಕಣ್ಣೀರೂ ಬಂತು. ಮೂವತ್ತು, ನಲವತ್ತು ವರ್ಷದ ಮೇಲೆ ಇವನು ಹೀಗೇ ಕಾಣುತ್ತಾನೆ ಎಂದು ತೋರಿತು. ಆ ಮುಖವನ್ನು ಅಷ್ಟು ದಿನವೂ ನೋಡಬಹುದು ಎಂದೂ ತೋರಿತು.

ಬಸ್‌ಸ್ಟ್ಯಾಂಡಿನ ತನಕ ಇಬ್ಬರೂ ನಡೆದು ಹೋದರು. ಏಳರ ಬಸ್ಸು ಎಂಜಿನ್ ಚಾಲೂ ಮಾಡಿ ನಿಂತಿತ್ತು.

“ನೀವ ಒಬ್ರು ಕೇಳಲಿಲ್ಲ ನೋಡ್ರಿ, ನನ್ನ ಮಾತು,” ನೀಲಗಂಗಾ ಅಂದಳು. “ಮತ್ತ ಬರೂದಿಲ್ಲ ಅದು.”

“ನೀವು ಅದೀರಲ್ಲ.”

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ಒಂದೇ ಉಸಿರಿಗೆ, “ನಾ ಅವ್ವನ್ನ ಬಿಟ್ಟು ಎಲ್ಲೂ ಬರಾಂಗಿಲ್ರಿ. ಬಂದ ಎರಡು ವರಾ ಇದಕ್ಕ ವಾಪಸ್ ಹೋಗ್ಯಾವ. ಮೊದ್ಲ ಹೇಳಿಬಿಡ್ತೀನಿ,” ಎಂದಳು.

“ನಾ ಎಲ್ಲಿ ಬರ್ರಿ ಅಂದೆ?” ದೇವೇಂದ್ರ ಹಿಟ್ಟಿನ ಮೀಸೆಯಲ್ಲಿ ನಕ್ಕ. “ಲಕ್ಷ್ಮೇಶ್ವರದಾಗ ರೇಡಿಯೊ ರಿಪೇರಿ ಮಾಡಾವ್ರು ಒಬ್ರೂ ಇಲ್ಲ. ಬ್ಯಾರೆ ಯಾರರ ಬಂದು ಅಂಗಡಿ ಹಾಕೂಕಿಂತ ಮೊದ್ಲ ನಾನ ಹಾಕ್ಬೇಕು ಅಂತ ಲಾರ್‍ಯಾಗ ಕುಂತು ವಿಚಾರ ಮಾಡಿದೆ.”

ಕಂಡಕ್ಟರ್ ಸೀಟಿ ಹೊಡೆದ. ದೇವೇಂದ್ರ ಹತ್ತಿ ಕಿಟಕಿಗೆ ಬಂದ.

“ಐತವಾರ ಬರ್ತೀನ್ರಿ.”

“ಯಾಕ? ಸೆಟ್ಟಿಗೇನಾಗೇತಿ? ಈಗ ಚೊಲೋ ಐತಲ್ಲ.”

“ಏನೂ ಆಗಿಲ್ಲ. ಅದಕ್ಕ ಬರ್ತೀನಿ.”

ಬಸ್ಸು ಹೊರಟಿತು. ನೀಲಗಂಗಾ ಅದರ ಜೊತೆ ನಾಲ್ಕು ಹೆಜ್ಜೆ ನಡೆದು, ಕಿಟಕಿಯ ಸರಳು ಹಿಡಿದು, “ಮುಂಜಾನೆ ಬಸ್ಸಿಗೇ ಬರ್ರಿ,” ಎಂದಳು. ಹೇಳಿದ ಮೇಲೆ ನಾಚಿಕೆಯಾಗಿ ಸರಳು ಬಿಟ್ಟಳು.

ಆ ಬೇಸಿಗೆಯಲ್ಲೇ ಮದುವೆಯಾಯಿತು. ಉಳವಪ್ಪನವರು ಮೊದಲು ಮುಖ ಊದಿಸಿಕೊಂಡರೂ, ಆಮೇಲೆ ಒಂದು ಪೆಟ್ಟಿಗೆ ತುಂಬ ಹಳೆಯ ಸಾಮಾನು ಕೊಟ್ಟು ಕಳಿಸಿದರು. ಅಮೃತವ್ವನ ಮನೆಯ ಪಡಸಾಲೆಯೇ ಅಂಗಡಿಯಾಯಿತು. ಮಂದಿ ಸೆಟ್ಟು ಹಿಡಿದು ಬರತೊಡಗಿದರು. ಶಿರಹಟ್ಟಿಯಿಂದಲೂ ಬಂದರು.

ಒಂದು ದಿನ ಯಾರೋ ತಂದ ರೇಡಿಯೊದ ಒಡಕು ದನಿ ಒಳಮನೆಗೆ ಕೇಳಿದಾಗ, ಅಮೃತವ್ವ ಕೂತಲ್ಲಿಂದಲೇ, “ದೇವೇಂದ್ರಾ, ಅದರ ಸ್ಪೀಕರ್ ಹರದೈತಿ ನೋಡು, ಸೆಲ್ ಬದಲಿ ಮಾಡಬ್ಯಾಡ,” ಎಂದಳು. ಬಿಚ್ಚಿ ನೋಡಿದರೆ ಅದು ಹಾಗೆಯೇ ಇತ್ತು. ಮರುದಿನ ಅವಳು ಗೋಡೆ ಹಿಡಿದು, ಎರಡು ವರ್ಷದ ಮೇಲೆ ಮೊದಲ ಸಲ ಹೊಸ್ತಿಲು ದಾಟಿ, ಪಡಸಾಲೆಗೆ ಬಂದು ಅಳಿಯನ ಪಕ್ಕದ ಮಣೆಯ ಮೇಲೆ ಕೂತಳು.

“ಯಾರದು ಪಾಳಿ?” ಎಂದು ಕೇಳಿದಳು. “ಬರ್ರಿ, ಹಚ್ಚಿ ಕೇಳಿಸ್ರಿ.”

ಒಳಗೆ ರೊಟ್ಟಿ ಬಡಿಯುತ್ತಿದ್ದ ನೀಲಗಂಗಾಳ ಕೈ ನಿಂತಿತು. ಬಾಗಿಲಿಗೆ ಬಂದು ನೋಡಿದಳು. ದೇವೇಂದ್ರ ತಲೆ ಎತ್ತಿ ಅವಳನ್ನೇ ನೋಡುತ್ತಿದ್ದ. ಒಲೆಯ ಮೇಲೆ ರೊಟ್ಟಿ ಸೀದು ಹೋಗುವ ತನಕ ಇಬ್ಬರೂ ಹಾಗೆಯೇ ನೋಡುತ್ತಿದ್ದರು.